ಹುಡುಗಿಯರ ಓಟ, ಮಗಳ ಪ್ರಶ್ನೆಗಳು: ಏನು ಹೇಳಲಿ, ಎಷ್ಟು ಹೇಳಲಿ?

ಪ್ರಶ್ನೆ: ಹೊಲಿಗೆ ಅಂಗಡಿ ಅಮ್ಮ, ಮಂಡ್ಯ

ಮಂಡ್ಯದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ರವಿಕೆ, ಚೂಡಿದಾರ ವರ್ಷವಿಡೀ ಇದ್ದೇ ಇರುತ್ತದೆ. ಶಾಲೆಗಳ ಕ್ರೀಡಾಕೂಟ ಶುರುವಾಯಿತೆಂದರೆ ಮಾತ್ರ ಜೆರ್ಸಿ, ಟ್ರ್ಯಾಕ್ ಪ್ಯಾಂಟುಗಳ ರಾಶಿಯಲ್ಲಿ ನಾನೇ ಕಾಣುವುದಿಲ್ಲ. ಮಗಳು ಎಸ್ಸೆಸ್ಸೆಲ್ಸಿ. 800 ಮೀಟರ್ ಓಡುತ್ತಾಳೆ, ಬೆಳಿಗ್ಗೆ ಅಭ್ಯಾಸಕ್ಕೆ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಹೋಗುತ್ತಾಳೆ. ಜೊತೆಗೆ ಓಡುವ ಗೆಳತಿಯೊಬ್ಬಳಿದ್ದಾಳೆ. ಗಿಡ್ಡ ಕೂದಲು, ಅಗಲ ಭುಜ, ತುಸು ಒಡೆದ ದನಿ. ನನ್ನ ಮಗಳಿಗಿಂತ ಬಹಳ ಮುಂದೆ ಓಡುವವಳು.

ಈ ಸಲದ ಒಂದು ಕ್ರೀಡಾಕೂಟದಲ್ಲಿ ಆ ಹುಡುಗಿ ಮೊದಲು ಬಂದಳು. ಪದಕಕ್ಕೆ ಹೆಸರು ಕೂಗುವ ಹೊತ್ತಿಗೆ ಬೇರೊಂದು ಶಾಲೆಯ ಕಡೆಯವರು ಗಲಾಟೆ ತೆಗೆದರು. "ಇದು ಹುಡುಗಿಯೇ? ಒಳಗೆ ಕರೆದುಕೊಂಡು ಹೋಗಿ ನೋಡಿ, ಆಮೇಲೆ ಪದಕ ಕೊಡಿ" ಎಂದು ಒಬ್ಬರು ಮೈದಾನಕ್ಕೆಲ್ಲ ಕೇಳುವಂತೆ ಹೇಳಿದರು. ಕೂಟ ನಡೆಸುತ್ತಿದ್ದವರಲ್ಲೇ ಒಬ್ಬರು, "ಯಾರಾದರೂ ಮೇಡಂ ಒಂದು ನಿಮಿಷ ನೋಡಿಬಿಟ್ಟರೆ ಮುಗಿಯಿತಲ್ಲ" ಎಂದರಂತೆ. ನಮ್ಮ ಶಾಲೆಯ ಪಿ.ಟಿ. ಮಾಸ್ತರು ಅಡ್ಡ ನಿಂತರು. ಪದಕವೇನೋ ಸಿಕ್ಕಿತು. ಕೊಟ್ಟವರ ಮುಖ ಹೇಗಿತ್ತೆಂದು ಮಗಳು ಮನೆಯಲ್ಲಿ ಮಾಡಿ ತೋರಿಸಿದಳು.

ಅಂದಿನಿಂದ ನನ್ನ ಮಗಳದು ಒಂದೇ ಕೆಲಸ, ಮೊಬೈಲಿನಲ್ಲಿ ಹುಡುಕುವುದು. ಪ್ಯಾರಿಸ್ ಒಲಿಂಪಿಕ್ಸಿನ ಆಲ್ಜೀರಿಯಾದ ಬಾಕ್ಸರ್, ದಕ್ಷಿಣ ಆಫ್ರಿಕಾದ ಓಟಗಾರ್ತಿ, ಅಮೆರಿಕದ ಈಜುಗಾರ್ತಿ, ಎಲ್ಲವೂ ಒಂದೇ ರಾಶಿಯಲ್ಲಿ ಬಂದು ಬಿದ್ದಿವೆ. ನಾನು ಕಾಜಾ ಹೊಲಿಯುತ್ತಿರುವಾಗ ಪಕ್ಕದಲ್ಲಿ ಕುಳಿತು ಕೇಳುತ್ತಾಳೆ: "ಅಮ್ಮ, ಜೋರಾಗಿ ಓಡಿದರೆ ಹೆಣ್ಣಲ್ಲ ಎನ್ನಬಹುದೇ? ಹುಡುಗನಾಗಿ ಹುಟ್ಟಿದವರು ಹುಡುಗಿಯರ ಓಟದಲ್ಲಿ ಓಡಬಹುದೇ? ಯಾರು ಯಾರೆಂದು ನಿರ್ಧಾರ ಮಾಡುವುದು ಯಾರು?" ಕೊನೆಗೆ ಧ್ವನಿ ಇಳಿಸಿ ಇನ್ನೊಂದು ಹೇಳಿದಳು. ಆ ಗೆಳತಿ ಇವಳ ಹತ್ತಿರ, "ನನ್ನನ್ನು ಹುಡುಗಿ ಎಂದು ಕರೆದಾಗಲೆಲ್ಲ ಬೇರೆ ಯಾರನ್ನೋ ಕರೆದ ಹಾಗೆ ಆಗುತ್ತದೆ" ಎಂದಿದ್ದಾಳಂತೆ. ಜೆರ್ಸಿಯ ಅಳತೆ ಕೊಡಲು ಬಂದಾಗ ಅವಳು ನನ್ನನ್ನು ಕೇಳಿದ್ದು ನೆನಪಾಯಿತು. "ಆಂಟಿ, ಸೊಂಟದ ಹತ್ತಿರ ಒಳಗೆ ಹಿಡಿಯಬೇಡಿ, ಹುಡುಗರಿಗೆ ಹೊಲಿಯುವ ಹಾಗೇ ಹೊಲಿಯಿರಿ" ಎಂದಿದ್ದಳು. ಹಾಗೆಯೇ ಹೊಲಿದುಕೊಟ್ಟಿದ್ದೆ. ಇಂಥದ್ದನ್ನು ಕೇಳುವ ಮಕ್ಕಳು ಬೇಕಾದಷ್ಟು.

ನಮ್ಮ ಯಜಮಾನರು ಕೆಟ್ಟವರಲ್ಲ, ಆದರೆ "ಮಾರ್ಚ್ ಪರೀಕ್ಷೆ ಮುಗಿಯುವ ತನಕ ಈ ಮಾತು ಮನೆಯಲ್ಲಿ ಬೇಡ" ಎಂದು ತೀರ್ಪು ಕೊಟ್ಟು ಟಿವಿಯ ದನಿ ಏರಿಸಿದ್ದಾರೆ. ನಾನು ಓದಿದ್ದು ಪಿಯುಸಿ. ಮಗಳಿಗೆ ಸುಳ್ಳು ಹೇಳಲು ಮನಸ್ಸಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದ್ದವಳಂತೆ ಹೇಳಲೂ ಮನಸ್ಸಿಲ್ಲ. ಆ ಬಾಕ್ಸರ್, ಓಟಗಾರ್ತಿ, ಈಜುಗಾರ್ತಿ ಮೂವರದೂ ಒಂದೇ ಕಥೆಯೇ? ಗೆಳತಿ ಹೇಳಿದ್ದನ್ನು ಆ ಹುಡುಗಿಯ ತಾಯಿಗೆ ನಾನು ತಿಳಿಸಬೇಕೇ? ಆಕೆ ನನ್ನ ಗಿರಾಕಿ, ವಾರಕ್ಕೊಮ್ಮೆಯಾದರೂ ಎದುರಾಗುತ್ತಾರೆ.

ಉತ್ತರ: ನಿವೃತ್ತ ಪಿ.ಟಿ. ಮೇಡಂ, ಕುವೆಂಪುನಗರ, ಮೈಸೂರು

ತಾಯಿ, ನಿಮ್ಮ ಶಾಲೆಯ ಆ ಮಾಸ್ತರಿಗೆ ನನ್ನ ನಮಸ್ಕಾರ ತಿಳಿಸಿ. ಸೀಟಿ ಊದಿಕೊಂಡೇ ಸೇವೆ ಮುಗಿಸಿದವಳು ನಾನು, ತಿ. ನರಸೀಪುರದ ಕಡೆ ಹೆಚ್ಚು ಕಾಲ ಇದ್ದೆ. ಶಾಲಾ ಕ್ರೀಡಾಕೂಟದಲ್ಲಿ ನಾವು ನೋಡುವುದು ವಯಸ್ಸಿನ ದಾಖಲೆ, ವ್ಯಾಸಂಗ ಪ್ರಮಾಣಪತ್ರ. ಮಗುವಿನ ಮೈ ನೋಡುವ ಅಧಿಕಾರ ಯಾವ ಮೇಡಂಗೂ ಇಲ್ಲ, ಯಾವ ಸಂಘಟಕರಿಗೂ ಇಲ್ಲ. "ಒಂದು ನಿಮಿಷ ನೋಡಿಬಿಟ್ಟರೆ" ಎಂದವರು ನಿಜಕ್ಕೂ ನೋಡಿದ್ದರೆ 2012ರ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ) ಕಾಯ್ದೆಯಡಿ ಪೊಲೀಸ್ ಠಾಣೆಗೆ ಹೋಗಬಹುದಾದ ಪ್ರಕರಣ ಅದು. ಇದನ್ನು ಮಗಳಿಗೆ ಎಲ್ಲಕ್ಕಿಂತ ಮೊದಲು ಹೇಳಿ. ಮಕ್ಕಳ ಸಹಾಯವಾಣಿ 1098 ಅವಳಿಗೆ ಬಾಯಿಪಾಠ ಇರಲಿ. ಜಗತ್ತಿನ ಬಾಕ್ಸರುಗಳ ವಿಷಯ ಆಮೇಲೆ.

ನೀವು ಕೇಳಿದ ಮೂವರದೂ ಒಂದೇ ಕಥೆಯಲ್ಲ. ದೊಡ್ಡವರೇ ಗೊಂದಲ ಮಾಡಿಕೊಳ್ಳುವುದು ಇಲ್ಲಿ. ಆಲ್ಜೀರಿಯಾದ ಇಮಾನ್ ಖಲೀಫ್ ಹುಟ್ಟಿದಾಗಲೇ ಹೆಣ್ಣೆಂದು ದಾಖಲಾದವರು, ಹೆಣ್ಣಾಗಿಯೇ ಬೆಳೆದವರು. ಟ್ರಾನ್ಸ್‌ಜೆಂಡರ್ ಅಲ್ಲ. 2024ರಲ್ಲಿ ಇಟಲಿಯ ಎದುರಾಳಿ 46 ಸೆಕೆಂಡಿಗೆ ಪಂದ್ಯ ಬಿಟ್ಟುಕೊಟ್ಟಾಗ ಅವರನ್ನು ಗಂಡಸೆಂದು ಕರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಾಕ್ಸಿಂಗನ್ನು ಆ ದಿನವೇ ಮೊದಲ ಸಲ ನೋಡಿದವರಿರಬೇಕು. ಖಲೀಫ್ 66 ಕೆ.ಜಿ. ವಿಭಾಗದ ಚಿನ್ನ ಗೆದ್ದರು. ಅವರ ಬಗೆಗಿನ ತಕರಾರು ಹಿಂದೆ ಒಂದು ಬಾಕ್ಸಿಂಗ್ ಸಂಸ್ಥೆ ನಡೆಸಿದ ಪರೀಕ್ಷೆಯ ಸುತ್ತಲಿನದು. ದಕ್ಷಿಣ ಆಫ್ರಿಕಾದ ಕಾಸ್ಟರ್ ಸೆಮೆನ್ಯಾ ಕೂಡ ಹೆಣ್ಣಾಗಿ ಬೆಳೆದವರೇ. ಗಂಡಸರಲ್ಲಿ ಹೆಚ್ಚಾಗಿರುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಅವರ ದೇಹದಲ್ಲಿ ಸಹಜವಾಗಿಯೇ ಹೆಚ್ಚು. 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ 800 ಮೀಟರ್ ಚಿನ್ನ ಅವರದು. ಅಮೆರಿಕದ ಈಜುಗಾರ್ತಿ ಲಿಯಾ ಥಾಮಸ್ ಅವರದು ಮಾತ್ರ ಬೇರೆಯ ವಿಷಯ. ಅವರು ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡೆಂದು ದಾಖಲಾಗಿ, ಮುಂದೆ ತಾನು ಹೆಣ್ಣೆಂದು ತಿಳಿದು ಹಾಗೆಯೇ ಬದುಕುತ್ತಿರುವವರು.

ನಿಮ್ಮ ಮಗಳು 800 ಮೀಟರ್ ಓಡುವವಳಾದ್ದರಿಂದ ನಾನಾಗಿದ್ದರೆ ಶಾಂತಿ ಸೌಂದರರಾಜನ್ ಅವರಿಂದ ಶುರು ಮಾಡುತ್ತಿದ್ದೆ. ತಮಿಳುನಾಡಿನ ಪುದುಕ್ಕೋಟ್ಟೈ ಕಡೆಯವರು, ತಂದೆತಾಯಿ ಇಟ್ಟಿಗೆಗೂಡಿನ ಕೂಲಿಗಳು. 2006ರ ಡಿಸೆಂಬರಿನಲ್ಲಿ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರಿನಲ್ಲಿ ಬೆಳ್ಳಿ. ಕೆಲವೇ ದಿನಗಳಲ್ಲಿ ಲಿಂಗ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು ಪದಕ ಹಿಂದಕ್ಕೆ ಹೋಯಿತು. ಒಂದು ಹೆಣ್ಣುಮಗಳ ದೇಹದ ಒಳಗಿನ ವಿಷಯ ಸುದ್ದಿವಾಹಿನಿಗಳ ಪಟ್ಟಿಯಲ್ಲಿ ಓಡಿತು. ಕೆಲಕಾಲ ಅವರೂ ಇಟ್ಟಿಗೆಗೂಡಿನಲ್ಲಿ ದುಡಿದರು. ಆಮೇಲೆ ಓದಿ ತರಬೇತುದಾರರಾದರು.

ಆಮೇಲೆ ದ್ಯುತಿ ಚಾಂದ್. ಒಡಿಶಾದ ನೇಕಾರರ ಮನೆಯ ಹುಡುಗಿ. 2014ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟಕ್ಕೆ ಹೊರಡುವ ಮುಂಚೆ ತಂಡದಿಂದ ಕೈಬಿಟ್ಟರು. ಕಾರಣ ಅದೇ, ಸಹಜವಾಗಿಯೇ ಹೆಚ್ಚಿದ್ದ ಟೆಸ್ಟೋಸ್ಟೆರಾನ್. ಔಷಧಿಯಿಂದ ತಗ್ಗಿಸಿಕೊಂಡು ಬಾ ಎಂದರು. ಆಕೆ ಒಪ್ಪದೆ ಸ್ವಿಟ್ಜರ್ಲೆಂಡಿನ ಕ್ರೀಡಾ ಪಂಚಾಯಿತಿ ನ್ಯಾಯಾಲಯಕ್ಕೆ ಹೋದರು. 2015ರ ಜುಲೈನಲ್ಲಿ ಆ ನಿಯಮಕ್ಕೆ ತಡೆ ಬಿತ್ತು. 2016ರಲ್ಲಿ ರಿಯೊ ಒಲಿಂಪಿಕ್ಸ್, 2018ರ ಜಕಾರ್ತಾ ಏಷ್ಯನ್ ಕೂಟದಲ್ಲಿ 100 ಮತ್ತು 200 ಮೀಟರ್ ಎರಡರಲ್ಲೂ ಬೆಳ್ಳಿ. ಶಾಂತಿ ಅವರಿಗೆ ಇಲ್ಲದಿದ್ದ ವಕೀಲರು, ಬೆಂಬಲ, ಕಾಲ ಎಲ್ಲವೂ ದ್ಯುತಿಯವರಿಗೆ ಇತ್ತು. ಎಂಟು ವರ್ಷದ ಅಂತರ, ಅಷ್ಟೆ.

ನಿಯಮಗಳು ಆಮೇಲೂ ಬದಲಾಗುತ್ತಲೇ ಹೋದವು. 2018ರಲ್ಲಿ ಅಥ್ಲೆಟಿಕ್ಸ್ ಸಂಸ್ಥೆ ತಂದ ಟೆಸ್ಟೋಸ್ಟೆರಾನ್ ಮಿತಿಯ ನಿಯಮ 400 ಮೀಟರಿನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ ಇತ್ತು, ದ್ಯುತಿ ಅದರ ಹೊರಗೆ ಉಳಿದರು, ಸೆಮೆನ್ಯಾ ಸಿಕ್ಕಿಬಿದ್ದರು. 2023ರಲ್ಲಿ ಅದನ್ನು ಎಲ್ಲ ಓಟಗಳಿಗೂ ಹಬ್ಬಿಸಿದರು. 2025ರ ಸೆಪ್ಟೆಂಬರಿನಿಂದ ವಿಶ್ವಮಟ್ಟದ ಮಹಿಳಾ ಓಟಗಾರ್ತಿಯರು ಜೀವನದಲ್ಲಿ ಒಮ್ಮೆ ಎಸ್‌ಆರ್‌ವೈ ಎಂಬ, ಸಾಮಾನ್ಯವಾಗಿ ಗಂಡಸರ ವೈ ವರ್ಣತಂತುವಿನಲ್ಲಿರುವ ವಂಶವಾಹಿಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆನ್ನೆಯ ಒಳಭಾಗದಿಂದಲೋ ರಕ್ತದಿಂದಲೋ ಮಾದರಿ ತೆಗೆಯುತ್ತಾರೆ.

ಇದನ್ನು ಕೇಳಿ ಮಗಳು "ವಿಜ್ಞಾನ ಮುಂದುವರಿದಿದೆ" ಎಂದುಕೊಂಡರೆ ಹಿಂದಿನದನ್ನೂ ಹೇಳಿ. 1966ರ ಬುಡಾಪೆಸ್ಟ್ ಕೂಟದಲ್ಲಿ ಓಟಗಾರ್ತಿಯರು ವೈದ್ಯರ ಎದುರು ಬಟ್ಟೆ ಕಳಚಿ ನಿಲ್ಲಬೇಕಾಗಿತ್ತು. 1968ರಿಂದ ಒಲಿಂಪಿಕ್ಸಿನಲ್ಲಿ ವರ್ಣತಂತು ಪರೀಕ್ಷೆ ಬಂದಿತು. 1996ರ ಅಟ್ಲಾಂಟಾದಲ್ಲಿ 3,387 ಮಹಿಳೆಯರನ್ನು ಪರೀಕ್ಷಿಸಿದರು, ಎಂಟು ಮಂದಿಯ ಫಲಿತಾಂಶ ಬೇರೆ ಬಂದಿತು, ಎಂಟೂ ಮಂದಿಯನ್ನು ಆಡಲು ಬಿಟ್ಟರು. ಅವರಲ್ಲಿ ಹೆಚ್ಚಿನವರ ದೇಹ ಟೆಸ್ಟೋಸ್ಟೆರಾನನ್ನು ಪೂರ್ತಿಯಾಗಿಯೋ ಭಾಗಶಃವೋ ಬಳಸಿಕೊಳ್ಳಲು ಬಾರದಂಥದ್ದು. 2000ದ ಸಿಡ್ನಿ ಒಲಿಂಪಿಕ್ಸಿಗೆ ಮುಂಚೆ ಎಲ್ಲರಿಗೂ ಮಾಡುತ್ತಿದ್ದ ಪರೀಕ್ಷೆಯನ್ನೇ ಕೈಬಿಟ್ಟರು. ಈಗ ಅದೇ ದಾರಿಗೆ ಮತ್ತೆ ಬಂದಿದ್ದಾರೆ. ನನಗಂತೂ ಇದು ಸರಿಕಾಣುವುದಿಲ್ಲ. ಬೇರೆ ಅಭಿಪ್ರಾಯದವರು ಇಲ್ಲಿ ಬರೆಯಲಿ, ಜಗಳವಿಲ್ಲ.

ಮಗಳ ಕೊನೆಯ ಪ್ರಶ್ನೆಗೆ ಬರುತ್ತೇನೆ. ಯಾರು ಯಾವ ಓಟದಲ್ಲಿ ಓಡಬೇಕು ಎನ್ನುವುದು ಆಟದ ನಿಯಮ. ಯಾರು ಯಾರು ಎನ್ನುವುದು ಆಟದ ನಿಯಮವಲ್ಲ. ಶಾಲಾ ಕಬಡ್ಡಿಯಲ್ಲಿ ತೂಕದ ಮಿತಿ ಇದೆ. ತೂಕ ಮೀರಿದ ಹುಡುಗಿಯನ್ನು ಅಂಕಣದಿಂದ ಹೊರಗೆ ನಿಲ್ಲಿಸುತ್ತೇವೆ. ಹಾಗೆಂದು ಅವಳು ನಮ್ಮ ಶಾಲೆಯವಳೇ ಅಲ್ಲ ಎನ್ನುತ್ತೇವೆಯೇ? ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ನಾಳೆ ಏನೇ ನಿಯಮ ಮಾಡಲಿ, ನಿಮ್ಮ ಮಗಳ ಗೆಳತಿ ತನ್ನ ಬಗ್ಗೆ ಹೇಳಿಕೊಂಡದ್ದು ಅದರಿಂದ ಸುಳ್ಳಾಗುವುದಿಲ್ಲ.

ಈ ವಿಷಯ ಮಾತನಾಡಲು ಆಟ ಒಳ್ಳೆಯ ದಾರಿ, ಏಕೆಂದರೆ ಮಕ್ಕಳು ದ್ಯುತಿಯ ಹೆಸರಿನಲ್ಲಿ ತಮ್ಮ ಮಾತನ್ನು ಆಡಬಹುದು. "ಇದು ನಿನ್ನ ವಿಷಯವೇ?" ಎಂದು ನಡುವೆ ಕೇಳಿದಿರೋ, ಮಾತು ಅಲ್ಲಿಗೇ ನಿಂತಿತು. ಕಾಜಾ ಹೊಲಿಯುತ್ತಲೇ ಇರಿ, ಕಣ್ಣು ಬಟ್ಟೆಯ ಮೇಲಿರಲಿ.

ಇನ್ನೊಂದು ಮಾತು. ಹಳ್ಳಿಯಲ್ಲಿ ಓಡುವ ಹುಡುಗಿಗೆ ಗಂಡುಬೀರಿ ಎನ್ನುವುದು ಮೊದಲಿನಿಂದಲೂ ಇದ್ದದ್ದೇ. ಖೋ ಖೋಗೆ ಚಡ್ಡಿ ಹಾಕಿಸಲು ನಾನು ಮನೆಮನೆಗೆ ಹೋಗಿ ಬೇಡಿದವಳು. ನಾನಿದ್ದ ಅದೇ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಫೈನಲ್ಲಿನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದಾಗ ಬೈಯುತ್ತಿದ್ದ ಬಾಯಿಗಳೇ ಪಟಾಕಿ ಹಚ್ಚಿದವು.

ಉತ್ತರ: ಈಜುಗಾರ್ತಿಯ ಅಪ್ಪ, ಸರಸ್ವತಿಪುರಂ

ಮೇಡಂ ಬರೆದದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲಿಗೆ ನನ್ನ ತಕರಾರಿದೆ.

ನನ್ನ ಮಗಳು ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ ನಸುಕಿಗೇ ಇಳಿಯುತ್ತಾಳೆ. ಅವಳಿಗೂ ಅದೇ ವಯಸ್ಸು. ಹತ್ತು ವರ್ಷದವರೆಗೆ ಪಕ್ಕದ ಲೇನಿನ ಹುಡುಗರನ್ನು ಸೋಲಿಸುತ್ತಿದ್ದಳು. ಹದಿಮೂರರ ಹೊತ್ತಿಗೆ ಅದೇ ಹುಡುಗರು, ಅವಳ ಅರ್ಧದಷ್ಟೂ ಅಭ್ಯಾಸ ಮಾಡದವರು, ಮುಂದೆ ಹೋದರು. ಅವಳು ಸೋಮಾರಿಯಾಗಿರಲಿಲ್ಲ. ಹುಡುಗರ ಪ್ರೌಢಾವಸ್ಥೆಯಲ್ಲಿ ಟೆಸ್ಟೋಸ್ಟೆರಾನ್ ಮಾಡುವ ಕೆಲಸವೇ ಅದು: ಎತ್ತರ, ಭುಜ, ಶ್ವಾಸಕೋಶ, ಹಿಮೋಗ್ಲೋಬಿನ್. 800 ಮೀಟರನ್ನೇ ತೆಗೆದುಕೊಳ್ಳಿ. ಪುರುಷರ ದಾಖಲೆ 2012ರಲ್ಲಿ ಕೀನ್ಯಾದ ಡೇವಿಡ್ ರುಡಿಶಾ ಬರೆದ 1 ನಿಮಿಷ 40.91 ಸೆಕೆಂಡ್. ಮಹಿಳೆಯರದು 1983ರಿಂದ ಅಲುಗದೆ ನಿಂತಿರುವ 1 ನಿಮಿಷ 53.28 ಸೆಕೆಂಡ್. ಹನ್ನೆರಡು ಸೆಕೆಂಡ್! ಅಷ್ಟು ಹೊತ್ತಿನಲ್ಲಿ ರುಡಿಶಾ ತೊಂಬತ್ತು ಮೀಟರಿಗೂ ಹೆಚ್ಚು ದೂರ ಓಡಿರುತ್ತಾರೆ. ಮಹಿಳೆಯರಿಗೆ ಬೇರೆ ವಿಭಾಗ ಇರುವುದೇ ಈ ಕಾರಣಕ್ಕೆ.

ಆದ್ದರಿಂದ ಪುರುಷ ಪ್ರೌಢಾವಸ್ಥೆ ದಾಟಿದ ಟ್ರಾನ್ಸ್ ಮಹಿಳೆಯರು ಮಹಿಳಾ ವಿಭಾಗದಲ್ಲಿ ಸ್ಪರ್ಧಿಸಬಾರದೆಂದು ಈಜು ಸಂಸ್ಥೆ 2022ರ ಜೂನ್‌ನಲ್ಲಿ, ಅಥ್ಲೆಟಿಕ್ಸ್ ಸಂಸ್ಥೆ 2023ರ ಮಾರ್ಚ್‌ನಲ್ಲಿ, ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಅದೇ ವರ್ಷದ ನವೆಂಬರಿನಲ್ಲಿ ಮಾಡಿದ ನಿಯಮ ನನಗೆ ಸರಿ ಎನ್ನಿಸುತ್ತದೆ. ಟೆಸ್ಟೋಸ್ಟೆರಾನ್ ತಗ್ಗಿಸಿದರೆ ಹಿಮೋಗ್ಲೋಬಿನ್ ಕೆಲವೇ ತಿಂಗಳಲ್ಲಿ ಇಳಿಯುತ್ತದೆ, ಸ್ನಾಯುಬಲ ನಿಧಾನವಾಗಿ ಇಳಿಯುತ್ತದೆ, ಎತ್ತರ ಇಳಿಯುವುದೇ ಇಲ್ಲ. ಇದನ್ನು ಹೇಳಿದ ಕೂಡಲೇ ನನ್ನನ್ನು ದ್ವೇಷಿ ಎಂದು ಬೈದವರಿದ್ದಾರೆ. ತನ್ನ ಲೇನಿನ ಬಗ್ಗೆ ಯೋಚಿಸುವ ಹುಡುಗಿಗೂ ಮಾತನಾಡಲು ಜಾಗ ಕೊಡಿ, ಅವಳ ಬಾಯಿ ಮುಚ್ಚಿಸಬೇಡಿ. ಅಷ್ಟೇ ನನ್ನ ಕೋರಿಕೆ.

ಆದರೆ ಒಂದನ್ನು ಒಪ್ಪಿಕೊಳ್ಳಬೇಕು. ಈಜು ಸಂಸ್ಥೆಯವರು ಎಲ್ಲರಿಗೂ ತೆರೆದ ಪ್ರತ್ಯೇಕ ವಿಭಾಗವೆಂದು 2023ರ ಅಕ್ಟೋಬರಿನಲ್ಲಿ ಬರ್ಲಿನ್‌ನಲ್ಲಿ ಏರ್ಪಾಡು ಮಾಡಿದರು. ಒಬ್ಬರೂ ಹೆಸರು ಕೊಡಲಿಲ್ಲ. "ಹಾಗೆ ನಿಲ್ಲಿಸಿದರೆ ಎಲ್ಲರೂ ಬೆರಳು ತೋರಿಸುತ್ತಾರೆ, ಯಾರು ಬರುತ್ತಾರೆ ಅಪ್ಪ" ಎಂದು ನನ್ನ ಮಗಳೇ ಹೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಮತ್ತೆ, ಇದೆಲ್ಲ ವಿಶ್ವಮಟ್ಟದ ಮಾತು. ತಾಲ್ಲೂಕು ಕೂಟದಲ್ಲಿ ಗಿಡ್ಡ ಕೂದಲಿನ ಹುಡುಗಿಯ ಮೇಲೆ ಕೂಗಾಡಿದವರಿಗೆ ನ್ಯಾಯದ ಚಿಂತೆ ಇರಲಿಲ್ಲ, ಪದಕದ ಚಿಂತೆ ಇತ್ತು.

ಉತ್ತರ: ನೇರ ಮಾತು

ಇದೆಲ್ಲ ವಿದೇಶದಿಂದ ಬಂದ ಗೀಳು. ಫೋನ್ ಕಿತ್ತುಕೊಳ್ಳಿ, ಆ ಗೆಳತಿಯ ಸಹವಾಸ ಬಿಡಿಸಿ. ಒಂದು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ.

ಉತ್ತರ: ಹಳೆಯ ರೈಡರ್, ಮಾನಸಗಂಗೋತ್ರಿ

ನೇರ ಮಾತಿನವರೇ, ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿಯವರು ಯಾವ ವಿದೇಶದವರು? ಬಳ್ಳಾರಿ ಸೀಮೆಯವರು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, ಪದ್ಮಶ್ರೀ ಪಡೆದವರು. ಸರ್ಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲಾತಿಯನ್ನು 2021ರಲ್ಲಿ ದೇಶದಲ್ಲೇ ಮೊದಲು ತಂದದ್ದು ನಮ್ಮ ರಾಜ್ಯ. ತನ್ನ ಲಿಂಗತ್ವವನ್ನು ಗುರುತಿಸಿಕೊಳ್ಳುವ ಹಕ್ಕು ವ್ಯಕ್ತಿಯದೇ ಎಂದು 2014ರ ಏಪ್ರಿಲ್ 15ರಂದು ಹೇಳಿದ್ದು ದೆಹಲಿಯ ಸುಪ್ರೀಂ ಕೋರ್ಟ್.

ಅಕ್ಕ, ಇನ್ನು ನಿಮಗೆ. ನಾನು ಪಾಂಡವಪುರದ ಕಡೆ ಪ್ರೌಢಶಾಲೆಯಲ್ಲಿ ಹುಡುಗಿಯರ ಕಬಡ್ಡಿ ತಂಡದ ರೈಡರ್ ಆಗಿದ್ದವನು. ಈಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೇನೆ, ಗಂಡಾಗಿ ಬದುಕುತ್ತಿದ್ದೇನೆ. ಆದ್ದರಿಂದ ಈಗ ನಿಮ್ಮ ಮಗಳ ಗೆಳತಿ ಇರುವ ಜಾಗ ನನಗೆ ಗೊತ್ತು.

ಆ ತಾಯಿಗೆ ಹೇಳಬೇಡಿ. ನನ್ನ ವಿಷಯದಲ್ಲಿ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಮನೆಗೆ ಹೇಳಿದರು. ಮರುದಿನವೇ ಅಭ್ಯಾಸ ನಿಂತಿತು, ಮದುವೆಯ ಮಾತು ಶುರುವಾಯಿತು. ಆ ಮಗು ಹೇಳಿದ್ದು ನಿಮ್ಮ ಮಗಳಿಗೆ, ನಿಮಗೂ ಅಲ್ಲ. ತಾನಾಗಿಯೇ ಮನೆಯಲ್ಲಿ ಹೇಳುವ ದಿನ ಬಂದರೆ ಹೇಳಿಕೊಳ್ಳಲಿ. ಜೀವಕ್ಕೆ ಅಪಾಯ ಮಾಡಿಕೊಳ್ಳುವ ಮಾತೇನಾದರೂ ಬಂದರೆ ಮಾತ್ರ ಸುಮ್ಮನಿರಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಹದಿನೈದರಲ್ಲಿ ಹೀಗೆ ಹೇಳುವವರೆಲ್ಲರೂ ನನ್ನ ಹಾಗೆ ಆಗುತ್ತಾರೆಂದಲ್ಲ. ಗಿಡ್ಡ ಕೂದಲಿನ ಹುಡುಗಿ ಗಿಡ್ಡ ಕೂದಲಿನ ಹೆಂಗಸೇ ಆಗಬಹುದು. ಈಗ ಯಾರೂ ಯಾವ ತೀರ್ಮಾನವನ್ನೂ ಮಾಡಬೇಕಾಗಿಲ್ಲ. ನನಗೆ ಆಸರೆಯಾದದ್ದು ನನ್ನ ಸೋದರತ್ತೆ. ಆಕೆ ನನ್ನನ್ನು ಏನನ್ನೂ ಕೇಳಲಿಲ್ಲ. ಪತ್ರಿಕೆಯಲ್ಲಿ ದ್ಯುತಿ ಚಾಂದ್ ಸುದ್ದಿ ಬಂದಾಗಲೆಲ್ಲ ಜೋರಾಗಿ ಓದಿ, "ನೋಡು, ಗಟ್ಟಿಗಿತ್ತಿ" ಎಂದು ಪತ್ರಿಕೆ ಮಡಚಿ ಇಡುತ್ತಿದ್ದರು. ಈ ಮನೆಯಲ್ಲಿ ಒಬ್ಬರಿಗೆ ಹೇಳಬಹುದು ಎಂದು ನನಗೆ ತಿಳಿಯಲು ಅಷ್ಟು ಸಾಕಾಯಿತು.

ಈಜುಗಾರ್ತಿಯ ಅಪ್ಪ ಅವರೇ, ನಿಮ್ಮ ಮಾತನ್ನು ನಾನು ದ್ವೇಷ ಎನ್ನುವುದಿಲ್ಲ. ಆದರೆ ಟೋಕಿಯೊ ಒಲಿಂಪಿಕ್ಸಿನಲ್ಲಿ ನ್ಯೂಜಿಲೆಂಡಿನ ಟ್ರಾನ್ಸ್ ಮಹಿಳೆ ಲಾರೆಲ್ ಹಬರ್ಡ್ ಭಾರ ಎತ್ತಲು ಬಂದಾಗ ಪದಕ ಕೊಳ್ಳೆಹೊಡೆಯುತ್ತಾರೆಂದು ಜಗತ್ತೆಲ್ಲ ಕೂಗಾಡಿತು. ಮೂರು ಯತ್ನಗಳೂ ವಿಫಲವಾಗಿ ಅವರು ಮನೆಗೆ ಹೋದರು. ಅದನ್ನೂ ನಿಮ್ಮ ಮಗಳಿಗೆ ಹೇಳಿರೆಂದು ವಿನಂತಿ.

ಮರು ಉತ್ತರ: ಈಜುಗಾರ್ತಿಯ ಅಪ್ಪ, ಸರಸ್ವತಿಪುರಂ

ಹೇಳುತ್ತೇನೆ ತಮ್ಮ. ಒಬ್ಬರು ಸೋತದ್ದರಿಂದ ನಿಯಮದ ಪ್ರಶ್ನೆ ತೀರುವುದಿಲ್ಲ ಎಂದೂ ಜೊತೆಗೆ ಹೇಳುತ್ತೇನೆ.

ಮರು ಉತ್ತರ: ಹೊಲಿಗೆ ಅಂಗಡಿ ಅಮ್ಮ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನೇರ ಮಾತಿನವರಿಗೂ. ಫೋನ್ ಕಿತ್ತುಕೊಳ್ಳುವುದು ನನ್ನ ಕೈಯಲ್ಲಿಲ್ಲ, ಆರ್ಡರುಗಳೆಲ್ಲ ಬರುವುದು ಅದರಲ್ಲೇ.

ಭಾನುವಾರ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು ಗುಂಡಿ ಹಾಕುತ್ತಿದ್ದಾಗ ಮೇಡಂ ಹೇಳಿದಂತೆ ಶಾಂತಿ ಅವರ ಕಥೆಯನ್ನೇ ಹೇಳಿದೆ. ಮಗಳು ನಡುವೆ ಬಾಯಿ ಹಾಕಲಿಲ್ಲ, ಅದೇ ಒಂದು ವಿಶೇಷ. ಮುಗಿದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ ನಿಯಮದ ಬಗ್ಗೆ ಅಲ್ಲ. "ಆಮೇಲಾದರೂ ಪದಕ ವಾಪಸು ಕೊಟ್ಟರೇ?" ಎಂದಳು. ಇಲ್ಲ ಎಂದೆ. "ಅವರು ಓಡಿದ ಟೈಮ್ ಸುಳ್ಳಾಗಿತ್ತೇ?" ಎಂದಳು. ಇಲ್ಲ ಎಂದೆ. ಕೋಪದಲ್ಲಿ ಗುಂಡಿಗಳ ಡಬ್ಬಿಯನ್ನೇ ತಳ್ಳಿದಳು, ಇಬ್ಬರೂ ಕೂತು ಆರಿಸಬೇಕಾಯಿತು.

ಆರಿಸುತ್ತಲೇ ಈಜುಗಾರ್ತಿಯ ಅಪ್ಪ ಬರೆದದ್ದನ್ನೂ ಓದಿ ಹೇಳಿದೆ. ಅವಳು ಸುಲಭವಾಗಿ ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. 1:53ರ ದಾಖಲೆ ಅವಳಿಗೆ ಮೊದಲೇ ಗೊತ್ತಿತ್ತಂತೆ, ಪುಸ್ತಕದ ರಟ್ಟಿನ ಒಳಗೆ ಬರೆದುಕೊಂಡಿದ್ದಾಳೆ. "ಒಲಿಂಪಿಕ್ಸಿಗೆ ಒಂದು ನಿಯಮ ಇರಲಿ ಅಮ್ಮ, ಆದರೆ ಎಲ್ಲರ ಎದುರು ಕೂಗಿ ಕೇಳಬಾರದು. ಮತ್ತೆ ನಮ್ಮ ತಾಲ್ಲೂಕಿಗೆ ಆ ನಿಯಮ ಏಕೆ ಬೇಕು?" ಎಂದಳು. ಟ್ರಾನ್ಸ್ ಮಹಿಳೆಯರ ವಿಷಯದಲ್ಲಿ ತನಗಿನ್ನೂ ಏನೂ ಗೊತ್ತಾಗುತ್ತಿಲ್ಲ ಎಂದಳು. ಗೊತ್ತಾಗುವ ತನಕ ಹಾಗೇ ಇರಲಿ ಎಂದೆ.

ಗೆಳತಿಯ ಬಗ್ಗೆ ನಾನು ಕೇಳಲಿಲ್ಲ. ಅವಳೇ, "ಅವಳಿಗೂ ಈ ಶಾಂತಿ ಅವರ ವಿಷಯ ಹೇಳಬಹುದೇ?" ಎಂದು ಅನುಮತಿ ಬೇಡಿದಳು. ನನ್ನ ಅನುಮತಿ ಏಕೆ ಬೇಕಿತ್ತೋ ತಿಳಿಯದು. ಆ ತಾಯಿ ನಿನ್ನೆ ರವಿಕೆ ಕೊಡಲು ಬಂದಿದ್ದರು. "ನಿಮ್ಮ ಮಗಳ ಓಟ ನೋಡಲು ಚಂದ" ಎಂದೆ. ಅಷ್ಟೇ ಹೇಳಿದೆ. ಆಕೆಗೆ ಎಷ್ಟು ಖುಷಿಯಾಯಿತೆಂದರೆ ರವಿಕೆಯ ತೋಳಿನ ಅಳತೆ ಹೇಳುವುದನ್ನೇ ಮರೆತು ಹೋದರು.

ಯಜಮಾನರು ಇದನ್ನೆಲ್ಲ ಒಳಗಿನಿಂದ ಕೇಳಿಸಿಕೊಂಡಿದ್ದಾರೆ. ಊಟಕ್ಕೆ ಕೂತಾಗ, "ಆ ಮೈದಾನದಲ್ಲಿ ಹಾಗೆ ಮಾತನಾಡಿದವರು ಯಾರು?" ಎಂದು ಗುಡುಗಿದರು. ದೂರು ಕೊಡಬೇಕು ಎನ್ನುವುದು ಈಗ ಅವರ ಹಟ. ಮೇಡಂ, ದೂರು ಕೊಟ್ಟರೆ ಆ ಹುಡುಗಿಯ ಹೆಸರು ಮತ್ತೆ ಎಲ್ಲರ ಬಾಯಿಗೆ ಬೀಳುವುದಿಲ್ಲವೇ? ಯಾರಿಗೆ, ಹೇಗೆ ಬರೆಯಬೇಕು?

ಮರು ಉತ್ತರ: ನಿವೃತ್ತ ಪಿ.ಟಿ. ಮೇಡಂ, ಕುವೆಂಪುನಗರ, ಮೈಸೂರು

ಹುಡುಗಿಯನ್ನೂ ಅವಳ ಮನೆಯವರನ್ನೂ ಕೇಳದೆ ಅವಳ ಹೆಸರಿನಲ್ಲಿ ದೂರು ಬೇಡ. ನೀವು ಬರೆಯಬೇಕಾದದ್ದು ಬೇರೆಯೇ ಪತ್ರ, ಆ ಹುಡುಗಿಯ ಹೆಸರಿಲ್ಲದ್ದು. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅದರ ಒಂದು ಪ್ರತಿ ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಕರಿಗೆ. "ಕ್ರೀಡಾಕೂಟಗಳಲ್ಲಿ ದಾಖಲೆಗಳ ಹೊರತು ಯಾವ ಮಗುವಿನ ದೇಹದ ತಪಾಸಣೆಗೂ ಯಾರೂ ಒತ್ತಾಯಿಸಬಾರದು, ಆಕ್ಷೇಪಣೆಯನ್ನು ಲಿಖಿತವಾಗಿ ಮಾತ್ರ ಸ್ವೀಕರಿಸಬೇಕು ಎಂದು ಎಲ್ಲ ಸಂಘಟಕರಿಗೆ ಸುತ್ತೋಲೆ ಹೊರಡಿಸಿ" ಎಂದು ಎರಡೇ ವಾಕ್ಯ. ನಿಮ್ಮ ಪಿ.ಟಿ. ಮಾಸ್ತರೂ ಇನ್ನಿಬ್ಬರು ಪೋಷಕರೂ ಸಹಿ ಹಾಕಲಿ. ಕಚೇರಿಯಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ಕೂಟಕ್ಕೆ ಮಾಸ್ತರು ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಬಹುದು. ಯಜಮಾನರನ್ನೇ ಕಳಿಸಿ, ಗುಡುಗುವವರ ಅರ್ಜಿಗೆ ಬೇಗ ಮೊಹರು ಬೀಳುತ್ತದೆ.